ಅಡಿಕೆ ಅರೆಕಾ ಆದದ್ದು

ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗಳು ಹೊಸ ಫ್ಲ್ಯಾಟಿಗೆ ಒಕ್ಕಲಾದಾಗ ನಾನೂ ಹೋಗಿದ್ದೆ. ಅಡಿಗೆಮನೆ, ದೇವರ ಕೋಣೆ ಎಲ್ಲ ತೋರಿಸಿಯಾದ ಮೇಲೆ ಬಾಲ್ಕನಿಗೆ ಕರೆದುಕೊಂಡು ಹೋದಳು. ಅಲ್ಲೊಂದು ಬಿಳಿ ಕುಂಡ. ಅದರಲ್ಲಿ ಸೊಂಪಾಗಿ ಬೆಳೆದ, ಗರಿ ಗರಿಯಾದ ಒಂದು ಗಿಡ. "ಅತ್ತೆ, ಇದು ನೋಡಿ, ನಮ್ಮ ಸಂಪಾಜೆಯ ಅಡಿಕೆ! ನರ್ಸರಿಯವರು ಅರೆಕಾ ಪಾಮ್ ಅಂದರು. ಹೆಸರು ಕೇಳಿಯೇ ತಂದೆ. ಊರಿನದ್ದು ಒಂದಾದರೂ ಮನೆಯಲ್ಲಿರಲಿ ಅಂತ" ಎಂದಳು.

ನಾನು ಬಗ್ಗಿ ನೋಡಿದೆ. ಒಂದೇ ಬುಡದಿಂದ ಏಳೆಂಟು ಕಾಂಡ ಎದ್ದಿತ್ತು. ಗರಿಯ ದಂಟು ಅರಸಿನ ಬಣ್ಣ. ಅಡಿಕೆ ಮರ ಒಂಟಿ ಕಾಲಿನದ್ದು. ಬಾಳೆಯ ಹಾಗೆ ಹಿಂಡು ಕಟ್ಟಿಕೊಂಡು ಏಳುವ ಜಾತಿಯಲ್ಲ. ಗೃಹಪ್ರವೇಶದ ದಿನ ಹುಡುಗಿಯ ಸಂತೋಷ ಕೆಡಿಸುವುದು ಬೇಡವೆಂದು ಸುಮ್ಮನಾದೆ. ಆದರೆ ನನ್ನ ಬಾಯಿ ನಿಲ್ಲಬೇಕಲ್ಲ! ಸಂಜೆ ಕಾಫಿ ಕುಡಿಯುವಾಗ ಹೇಳಿಯೇಬಿಟ್ಟೆ. ಆ ಗಿಡ ಅಡಿಕೆಯಲ್ಲ, ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪದ್ದು, ಅಡಿಕೆಗೆ ದೂರದ ನೆಂಟ, ಅಷ್ಟೆ. ಅವಳು ಸ್ವಲ್ಪ ಹೊತ್ತು ಮುಖ ಸಣ್ಣ ಮಾಡಿಕೊಂಡು ಕೂತಳು. ಆಮೇಲೆ ಕೇಳಿದಳು: "ಹಾಗಾದರೆ ಅರೆಕಾ ಅಂದರೆ ಏನು ಅತ್ತೆ? ಯಾವ ಭಾಷೆಯದ್ದು?"

ನನಗೆ ಗೊತ್ತಿರಲಿಲ್ಲ. ಅಡಿಕೆ ಹೆಕ್ಕಿ, ಅಡಿಕೆ ಸುಲಿದು, ಅಡಿಕೆ ಮಾರಿದ ದುಡ್ಡಿನಲ್ಲಿ ಓದಿ, ಅದೇ ದುಡ್ಡಿನಲ್ಲಿ ಮದುವೆಯಾಗಿ ಹೊರಟು ಬಂದವಳು ನಾನು. ಮಂಗಳೂರಿನಲ್ಲಿ 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ 'ಕ್ಯಾಂಪ್ಕೊ' ಹುಟ್ಟಿದಾಗಿನಿಂದ ಆ ಹೆಸರು ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಅದರ ಎರಡನೆಯ ಅಕ್ಷರ 'ಅರೆಕಾನಟ್' ಎಂಬುದರ ಮೊದಲ ಅಕ್ಷರ ಎಂದೂ ತಿಳಿದಿತ್ತು. ಆದರೆ ಈ ಅರೆಕಾ ಎಲ್ಲಿಂದ ಬಂತು? ಲ್ಯಾಟಿನ್ ಇರಬೇಕು, ದೊಡ್ಡವರು ಯಾರೋ ಇಟ್ಟಿರಬೇಕು ಎಂದು ಅಷ್ಟಕ್ಕೇ ಬಿಟ್ಟಿದ್ದೆ. ಊರಿಗೆ ಬಂದ ಮೇಲೆ ನಿಘಂಟು ಹುಡುಕಿದೆ. ಉತ್ತರ ನೋಡಿದಾಗ ನಗು ಬಂತು. ಅರೆಕಾ ಎಂದರೆ ನನ್ನ ಅಮ್ಮ ದಿನವೂ ಹೇಳುತ್ತಿದ್ದ ಶಬ್ದವೇ.

ನಾವು ಹವ್ಯಕರು ಮನೆಯಲ್ಲಿ ಅಡಿಕೆ ಎನ್ನುವುದಿಲ್ಲ, 'ಅಡಕ್ಕೆ' ಎನ್ನುತ್ತೇವೆ. "ಅಡಕ್ಕೆ ಹೆರ್ಕುಲೆ ಹೋಗು" ಎಂಬುದು ರಜೆಯ ದಿನ ಬೆಳಿಗ್ಗೆ ಎದ್ದ ಕೂಡಲೇ ಕಿವಿಗೆ ಬೀಳುತ್ತಿದ್ದ ಸುಪ್ರಭಾತ. ಪುಸ್ತಕದ ಕನ್ನಡದಲ್ಲಿ ಅದು ಅಡಿಕೆ. ಮಲೆಯಾಳದಲ್ಲಿ ಅಡಯ್ಕ, ಆಡುಮಾತಿನಲ್ಲಿ ಅಡಕ್ಕ. ತಮಿಳರು ಈಗ ಹೆಚ್ಚಾಗಿ ಪಾಕ್ಕು ಎಂದರೂ ಅವರಲ್ಲಿ ಅಡೈಕಾಯ್ ಎಂಬ ಶಬ್ದವೂ ಇದೆ. ತುಳುವರದ್ದು ಮಾತ್ರ ಬೇರೆ ದಾರಿ, ಅವರಿಗೆ ಅದು ಬಜ್ಜೈ. ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಬಿಷಪ್ ಕಾಲ್ಡ್‌ವೆಲ್, ತಮಿಳಿನ ಈ ಶಬ್ದವನ್ನು ಬಿಡಿಸಿ, 'ಅಡೈ' ಎಂದರೆ ಒತ್ತಾಗಿ ಸೇರಿಕೊಂಡದ್ದು, 'ಕಾಯ್' ಎಂದರೆ ಕಾಯಿ ಎಂದು ಅರ್ಥ ಹೇಳಿದ್ದರು. ಗೊನೆಯಲ್ಲಿ ಒಂದಕ್ಕೊಂದು ಒತ್ತಿಕೊಂಡಿರುವ ಕಾಯಿ. ನಮ್ಮ ಅಡಕ, ಅಡಕು ಎಂಬ ಶಬ್ದಗಳೂ ನೆನಪಾಗುತ್ತವೆ. ತುಂಬಿದ ಅಡಿಕೆ ಗೊನೆಯನ್ನು ಎತ್ತಿ ನೋಡಿದವರಿಗೆ ಈ ಅರ್ಥ ಸರಿಯೆನಿಸದೆ ಇರದು.

ಸಂಪಾಜೆಯನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಪುತ್ತೂರು, ಸುಳ್ಯ, ಅರಂತೋಡು ದಾಟಿ ಇನ್ನೇನು ಮಡಿಕೇರಿಯ ಘಾಟಿ ಹತ್ತಬೇಕು ಎನ್ನುವಾಗ ಸಿಗುವ ಊರು ಅದು. ಬದಿಯಲ್ಲಿ ಪಯಸ್ವಿನಿ ಹೊಳೆ. ಆ ಹೊಳೆಯೇ ಮುಂದೆ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಹತ್ತಿರ ಸಮುದ್ರ ಸೇರುತ್ತದೆ. ತುಳುನಾಡಿಗೂ ಮಲೆಯಾಳದ ಸೀಮೆಗೂ ಅದೇ ಗಡಿ ಎಂದು ಹಿಂದಿನವರು ಹೇಳುತ್ತಿದ್ದರು. ನಮ್ಮ ತೋಟದ ಬುಡ ತೊಳೆದ ನೀರು, ಅಡಕ್ಕೆ ಎನ್ನುವ ಊರಿನಿಂದ ಹೊರಟು ಅಡಕ್ಕ ಎನ್ನುವ ಊರಿನಲ್ಲಿ ಕಡಲಿಗೆ ಬೀಳುತ್ತದೆ. ಅಲ್ಲಿಂದ ಕರಾವಳಿಯಲ್ಲೇ ಇನ್ನಷ್ಟು ತೆಂಕಕ್ಕೆ ಹೋದರೆ ಕಣ್ಣೂರು. ಪೋರ್ಚುಗೀಸರು ವ್ಯಾಪಾರದ ಕೋಠಿ ಇಟ್ಟುಕೊಂಡಿದ್ದ ಜಾಗ.

ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅವರು ಬಂದದ್ದು ಕಾಳುಮೆಣಸಿಗೆ. ಆದರೆ ಯಾರ ಮನೆಗೆ ಹೋದರೂ, ಯಾವ ಅರಸನ ಮುಂದೆ ನಿಂತರೂ ಮೊದಲು ಕಾಣುತ್ತಿದ್ದದ್ದು ಎಲೆ ಅಡಿಕೆಯ ತಟ್ಟೆ. ಜಗಿದು ಕೆಂಪಗೆ ಉಗುಳುವುದನ್ನು ಕಂಡು ಬೆರಗಾಗಿ, ಇದೇನು ಎಂದು ಕೇಳದವರಿಲ್ಲ. ವಾರ್ತೆಮ ಎಂಬ ಇಟಲಿಯ ಪ್ರವಾಸಿ ಆ ಕಾಲದಲ್ಲಿ ನಮ್ಮ ಕರಾವಳಿ ಸುತ್ತಿ ಹೋದವನು. 1510ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಕಾಯಿಗೆ ಒಂದು ಹೆಸರು, ಮರಕ್ಕೆ ಇನ್ನೊಂದು. ಕಾಯಿಯ ಹೆಸರು ಅರಬ್ಬರ 'ಫೌಫಲ್' ಎಂಬುದನ್ನು ಕೇಳಿ ಬರೆದದ್ದು. ಅದು ನಮ್ಮ ಸಂಸ್ಕೃತದ ಪೂಗಫಲವೇ ಕಡಲು ದಾಟಿ ವೇಷ ಬದಲಿಸಿದ್ದು. ಮರದ ಹೆಸರು ಮಾತ್ರ 'ಅರೆಕಾ' ಎಂದು ಬರೆದ. ಅರಬ್ಬರ ಹಡಗುಗಳು ಶತಮಾನಗಟ್ಟಲೆ ಹೊತ್ತು ತಿರುಗಿದ ಫೌಫಲ್ ಯೂರೋಪಿನಲ್ಲಿ ನಿಲ್ಲಲಿಲ್ಲ. ಮಲಬಾರಿನ ತೋಟದ ಶಬ್ದ ನಿಂತಿತು. 1521ರಲ್ಲಿ ಮೆಗಲನ್ನನ ಹಡಗಿನ ಜೊತೆ ಫಿಲಿಪ್ಪೀನ್ಸ್ ತಲುಪಿದ ಪಿಗಾಫೆಟ್ಟ, ಅಲ್ಲಿಯ ಜನ ಜಗಿಯುವ ಕಾಯಿಗೂ ಅರೆಕಾ ಎಂದೇ ಬರೆದುಕೊಂಡಿದ್ದಾನೆ. ಅಷ್ಟು ಬೇಗ ಅಷ್ಟು ದೂರ ಹೋಗಿತ್ತು ನಮ್ಮ ಅಡಕ್ಕೆ. ಗೋವೆಯಲ್ಲಿ ವೈದ್ಯನಾಗಿದ್ದ ಗಾರ್ಸಿಯ ದ ಒರ್ಟ 1563ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ ಗಿಡಮೂಲಿಕೆಗಳ ಪುಸ್ತಕದಲ್ಲಿ, ಮಲಬಾರಿನ ನಾಯರರು ಇದನ್ನು ಅರೆಕಾ ಎನ್ನುತ್ತಾರೆಂದು ತಿಳಿಸಿದ್ದಾನೆ. ಪೋರ್ಚುಗೀಸರ ಬಾಯಿಂದ ಅದು ಇಂಗ್ಲಿಷರ ಬಾಯಿಗೆ ಹೋಯಿತು. ನಿಘಂಟುಗಳು ಹೆಚ್ಚಾಗಿ ಮೂಲ ಮಲೆಯಾಳವೆನ್ನುತ್ತವೆ, ಕೆಲವು ಕನ್ನಡದ ಅಡಿಕೆಯನ್ನೂ ಪಕ್ಕದಲ್ಲಿ ಇಡುತ್ತವೆ. ಈ ವಿಷಯದಲ್ಲಿ ಜಗಳಕ್ಕೆ ಹೋಗುವ ಮನಸ್ಸು ನನಗಿಲ್ಲ. ಹೊಳೆಯ ಆಚೆ ಈಚೆಯ ಅಕ್ಕ ತಂಗಿಯರಲ್ಲಿ ಯಾರ ಒಡವೆ ಎಂದು ಕೇಳಿದ ಹಾಗಾಗುತ್ತದೆ.

ಎಲ್ಲ ಸರಿ, ಆದರೆ 'ಡ' ಎಲ್ಲಿ ಹೋಯಿತು? ಅಡಕ್ಕ ಎಂದರೆ ಅಡಕ್ಕ ಎಂದೇ ಬರೆಯಬಹುದಿತ್ತಲ್ಲ?

ಇದನ್ನು ತಿಳಿಯಲು ಪುಸ್ತಕ ಬೇಡ, ನಿಮ್ಮ ಬಾಯಿಯೇ ಸಾಕು. ಅಡಕ್ಕೆ, ಅಡಕ್ಕೆ, ಅಡಕ್ಕೆ ಎಂದು ನಾಲ್ಕು ಸಲ ಬೇಗ ಬೇಗ ಹೇಳಿ ನೋಡಿ. ನಾಲಿಗೆಯ ತುದಿ ಹಿಂದಕ್ಕೆ ಮಡಚಿ, ಅಂಗುಳಕ್ಕೆ ಒಮ್ಮೆ ತಾಗಿ, ಕೂಡಲೇ ಜಾರಿ ಬೀಳುತ್ತದೆ. ನಮಗೆ ಅದು ಸ್ಪಷ್ಟವಾಗಿ 'ಡ'. ಯೂರೋಪಿನವರ ಭಾಷೆಗಳಲ್ಲಿ ಹಾಗೆ ಮಡಚುವ ಡಕಾರ ಇಲ್ಲ. ಇಲ್ಲದ ಸದ್ದನ್ನು ಕಿವಿ ಕೇಳುವುದಿಲ್ಲ, ಇದ್ದದ್ದರಲ್ಲಿ ಹತ್ತಿರದ್ದನ್ನು ಹುಡುಕಿ ಕೂರಿಸುತ್ತದೆ. ನಾಲಿಗೆ ತಾಗಿ ಜಾರುವ ಆ ಸದ್ದು ಅವರಿಗೆ 'ರ' ಎಂದು ಕೇಳಿತು. ಅಡಕ್ಕ ಹೋಗಿ ಅರೆಕಾ ಆಯಿತು.

ಇದು ಗೊತ್ತಾದ ಮೇಲೆ ನನಗೆ ಇನ್ನೊಂದು ಹೊಳೆಯಿತು. ನಮ್ಮ ಊರಿನಿಂದ ಘಾಟಿ ಹತ್ತಿದರೆ ಕೊಡಗು. ಇಂಗ್ಲಿಷರ ಬಾಯಲ್ಲಿ ಅದು ಕೂರ್ಗ್. ಇಲ್ಲಿಯೂ 'ಡ' ಹೋಗಿ 'ರ' ಬಂದಿದೆ. ಕೆಳಗೆ ಇಳಿದರೆ ನಮ್ಮ ಜಿಲ್ಲೆ. ಅದಕ್ಕೆ ಬಹುಕಾಲ ಸೌತ್ ಕೆನರಾ ಎಂದೇ ಹೆಸರು. ಕೆನರಾ ಎಂದರೆ ಮತ್ತೇನಲ್ಲ, ಪೋರ್ಚುಗೀಸರು 'ಕನ್ನಡ' ಎಂದದ್ದನ್ನು 'ಕನರಾ' ಎಂದು ಬರೆದುಕೊಂಡದ್ದು. ಅಲ್ಲಿಯೂ ಅದೇ. 1834ರಲ್ಲಿ ಕಂಪೆನಿ ಸರಕಾರ ಕೊಡಗಿನ ಕೊನೆಯ ಅರಸನನ್ನು ಇಳಿಸಿ, ಅವನ ರಾಜ್ಯಕ್ಕೆ ಸೇರಿದ್ದ ಸುಳ್ಯದ ಸೀಮೆಯನ್ನು ಕೆನರಾಕ್ಕೆ ಸೇರಿಸಿದ ಮೇಲೆ ಗಡಿ ನಮ್ಮಲ್ಲಿಗೆ ಬಂತು. ಇವತ್ತಿಗೂ ದಕ್ಷಿಣ ಕನ್ನಡದ ಸಂಪಾಜೆ ಬೇರೆ, ಕೊಡಗು ಸಂಪಾಜೆ ಬೇರೆ. 1956ರವರೆಗೆ ಒಂದು ಮದರಾಸು ರಾಜ್ಯದಲ್ಲಿ, ಇನ್ನೊಂದು ಕೂರ್ಗ್ ರಾಜ್ಯದಲ್ಲಿ. ಅಂದರೆ ಹಳೆಯ ನಕ್ಷೆಯಲ್ಲಿ ನಮ್ಮ ಊರಿನ ಪೂರ್ವಕ್ಕೆ ಕೂರ್ಗ್, ಪಶ್ಚಿಮಕ್ಕೆ ಕೆನರಾ, ನಡುವೆ ಬೆಳೆಯುತ್ತಿದ್ದದ್ದು ಅರೆಕಾ! ಮೂರರಲ್ಲೂ ನಮ್ಮ 'ಡ' ಇಲ್ಲ. ಮೂರನ್ನೂ ಒಬ್ಬನೇ ಕೇಳಿ ಬರೆದದ್ದಲ್ಲ, ಕಾಲ ಬೇರೆ, ಜನ ಬೇರೆ. ಕೂರ್ಗಿನಲ್ಲಿ ಹಿಂದುಸ್ತಾನಿ ನಾಲಿಗೆಯ ಪಾಲೂ ಇದೆ, ಅವರಲ್ಲಿ ನಡುವಿನ 'ಡ' ಅರ್ಧ 'ರ'ದಂತೆಯೇ ಹೊರಡುತ್ತದೆ. ಅದಕ್ಕೇ ನಾವು ಪಕೋಡ ಎನ್ನುವುದು ಇಂಗ್ಲಿಷಿನ ಅಡಿಗೆ ಪುಸ್ತಕದಲ್ಲಿ ಪಕೋರಾ. ಗಾಡಿ ಅವರ ಹಳೆಯ ಪುಸ್ತಕಗಳಲ್ಲಿ ಗಾರಿ. ಹಿಂದಿಯ ಸಾಡಿ ಸಾರಿ ಆಗಿ ಪ್ರಪಂಚ ಸುತ್ತಿದ್ದು ನಮಗೆಲ್ಲ ಗೊತ್ತೇ ಇದೆ.

ನಾವೂ ಏನು ಕಡಿಮೆಯವರಲ್ಲ ಬಿಡಿ. ಅವರ ಹಾಸ್ಪಿಟಲನ್ನು ಆಸ್ಪತ್ರೆ ಮಾಡಿಕೊಂಡವರು ನಾವು. ಪೋರ್ಚುಗೀಸರು ಅಡಕ್ಕೆ ತೆಗೆದುಕೊಂಡು ಹೋದರೆ ನಾವು ಅವರಿಂದ ಬಟಾಟೆ, ಚಾವಿ, ಜನೇಲು, ಅನಾನಸು ಇಟ್ಟುಕೊಂಡೆವು. ಬಟಾಟೆ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ಲೆಕ್ಕ ಚುಕ್ತಾ ಆಗಿದೆ.

ಅರೆಕಾ ಎಂಬ ಹೆಸರಿಗೆ ಅಷ್ಟು ಬೇಸರವಿಲ್ಲ, ಕಿವಿಯ ತಪ್ಪು. ನನಗೆ ಸಿಟ್ಟು ಬರುವುದು 'ಬೀಟಲ್ ನಟ್' ಎಂದಾಗ. ಬೀಟಲ್ ಎಂದರೆ ಅಡಿಕೆಯಲ್ಲ, ವೀಳ್ಯದೆಲೆ. ಮಲೆಯಾಳದ ವೆಟ್ಟಿಲ ಪೋರ್ಚುಗೀಸರಲ್ಲಿ ಬೆಟಲ್ ಆದದ್ದು. ವೆಟ್ಟಿಲ ಎಂದರೆ ಬರಿಯ ಎಲೆ ಎಂದು ಅರ್ಥ ಹೇಳುತ್ತಾರೆ. ಎಲೆಗೋಸ್ಕರವೇ ಬೆಳೆಸುವ ಬಳ್ಳಿಗೆ ಒಪ್ಪುವ ಹೆಸರು. ಈ ಎಲೆಯ ಬಳ್ಳಿಗೂ ಅಡಿಕೆ ಮರಕ್ಕೂ ಸಂಬಂಧ ಏನು? ಅದು ಮೆಣಸಿನ ಬಳ್ಳಿಯ ಕುಲ, ಇದು ತೆಂಗಿನ ಕುಲ. ತಟ್ಟೆಯಲ್ಲಿ ಒಟ್ಟಿಗೆ ಇರುತ್ತವೆ, ಬಾಯಲ್ಲಿ ಒಟ್ಟಿಗೆ ಅರೆಯುತ್ತವೆ, ಅಷ್ಟೆ. ನಾವು ಎಲೆ ಅಡಿಕೆ ಎಂದು ಒಂದೇ ಉಸಿರಿಗೆ ಹೇಳಿದರೂ ಎರಡಕ್ಕೂ ಅದರದರ ಹೆಸರು ಉಳಿಸಿದ್ದೇವೆ. ಇಂಗ್ಲಿಷರು ಎಲೆಯ ಹೆಸರಿನಲ್ಲೇ ಅಡಿಕೆಯನ್ನು ಕರೆದುಬಿಟ್ಟರು. ಮದುವೆಯಾದ ಮೇಲೆ ನಮ್ಮನ್ನು ಇಂಥವರ ಮಿಸೆಸ್ ಎಂದು ಕರೆಯುತ್ತಾರಲ್ಲ, ಹಾಗೆ. ಅವರಲ್ಲೇ ಒಬ್ಬರು ಈ ತಪ್ಪನ್ನು ಎತ್ತಿ ತೋರಿಸಿದ್ದುಂಟು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಕರ್ನಲ್ ಯೂಲ್ ಜೊತೆ ಸೇರಿ ಸಿದ್ಧಪಡಿಸಿದ 'ಹಾಬ್ಸನ್-ಜಾಬ್ಸನ್' ಎಂಬ ಶಬ್ದಕೋಶ, ಬರ್ನೆಲ್ ತೀರಿಕೊಂಡ ಮೇಲೆ 1886ರಲ್ಲಿ ಹೊರಬಂತು. ಬೀಟಲ್ ನಟ್ ಎಂಬ ರೂಢಿ ಸರಿಯಲ್ಲ, ಬೀಟಲ್ ಎಲೆಯ ಹೆಸರು ಎಂದು ಅದರಲ್ಲಿ ಹೇಳಿಯೇ ಇದೆ. ಯಾರು ಕೇಳಿದರು?

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಗಿಡಮರಗಳಿಗೆಲ್ಲ ಎರಡೆರಡು ಹೆಸರು ಇಡುವಾಗ ಅಡಿಕೆಗೆ 'ಅರೆಕಾ ಕ್ಯಾಟೆಚು' ಎಂದು ನಾಮಕರಣ ಮಾಡಿದ. ಕ್ಯಾಟೆಚು ಎಂದರೆ ನಮ್ಮ ಕಾಚು, ಕಗ್ಗಲಿ ಮರದ ಚೇಗಿನಿಂದ ಬರುವ ವಸ್ತು. ಅದೂ ಎಲೆ ಅಡಿಕೆಯ ತಟ್ಟೆಯಲ್ಲಿಯೇ ಕೂರುವಂಥದ್ದು. ಅಡಿಕೆಯಿಂದಲೇ ಕಾಚು ಬರುತ್ತದೆಂಬ ತಿಳಿವಳಿಕೆ ಆಗ ಇತ್ತು. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದ ನೀರನ್ನು ಇಂಗಿಸಿ ಚೊಗರು ಮಾಡುತ್ತಾರೆ, ಅದೂ ಕಾಚಿನ ಹಾಗೇ ಕೆಂಪಗೆ ಒಗರಾಗಿರುತ್ತದೆ. ಹಾಗಾಗಿ ತೀರಾ ಆಧಾರವಿಲ್ಲದ ತಪ್ಪೂ ಅಲ್ಲ. ತಮಾಷೆಯೆಂದರೆ ಮುಂದೆ ಸಸ್ಯಶಾಸ್ತ್ರಜ್ಞರು ಈ ಅರೆಕಾವನ್ನೇ ಹಿಡಿದು ಇಡೀ ವಂಶಕ್ಕೆ 'ಅರೆಕೇಸಿ' ಎಂದರು. ತೆಂಗು, ಖರ್ಜೂರ, ತಾಳೆ, ಬೈನೆ, ಎಲ್ಲ ಸೇರಿ ಸುಮಾರು ಎರಡೂವರೆ ಸಾವಿರ ಬಗೆಯ ಮರಗಳು ಇವತ್ತು ನಮ್ಮ ಅಡಕ್ಕೆಯ ಹೆಸರಿನಲ್ಲಿವೆ. ಮನೆಯ ಯಜಮಾನಿಕೆ ಅಡಿಕೆಯದ್ದು. ಬೆಂಗಳೂರಿನ ಕುಂಡದಲ್ಲಿದ್ದ ಮಡಗಾಸ್ಕರದ ಗಿಡಕ್ಕೆ ಅರೆಕಾ ಎಂಬ ಹೆಸರು ಸಿಕ್ಕಿದ್ದಕ್ಕೂ ಇಂಥದೇ ನೆಂಟಸ್ತಿಕೆ ಕಾರಣ.

ಹೆಸರು ಕೆಡದೆ ಹೋದ ಶಬ್ದವೂ ಒಂದಿದೆ, ಆದರೆ ಅದು ಸಂತೋಷದ್ದಲ್ಲ. ಕೊಳೆರೋಗ. ಆಷಾಢದ ಮಳೆಯಲ್ಲಿ ಎಳೆ ಅಡಿಕೆ ಕೊಳೆತು ಪಟಪಟ ಉದುರುವ ಈ ರೋಗದ ಹೆಸರು ಮೈಸೂರು ಸೀಮೆಯ ಕಾಫಿ ಗಿಡದ ರೋಗಕ್ಕೂ ಇತ್ತು. 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ಶಿಲೀಂಧ್ರ ವಿಜ್ಞಾನಿ ಆ ಕಾಫಿ ರೋಗದ ಬೂಸಿಗೆ ಲ್ಯಾಟಿನ್ ಹೆಸರಿಡುವಾಗ 'ಕೊಳೆರೋಗ'ವನ್ನೇ ಸೇರಿಸಿಕೊಂಡ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದ ಇಂಗ್ಲಿಷ್ ಪುಸ್ತಿಕೆಯಲ್ಲಿಯೂ ಅದು ಕೊಳೆರೋಗವೇ. ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸಲು ಹೇಳಿಕೊಟ್ಟವರೂ ಅವರೇ. ಬೋರ್ಡೋ ಫ್ರಾನ್ಸಿನ ಊರು, ಅಲ್ಲಿಯ ದ್ರಾಕ್ಷಿ ತೋಟಕ್ಕೆ 1880ರ ದಶಕದಲ್ಲಿ ಕಂಡುಹಿಡಿದ ಮದ್ದು. ನಮ್ಮ ಕೊಳೆರೋಗ ಅವರ ಪುಸ್ತಕಕ್ಕೆ ಹೋಯಿತು, ಅವರ ಬೋರ್ಡೋ ನಮ್ಮ ತೋಟಕ್ಕೆ ಬಂತು. ಮಳೆಗಾಲದಲ್ಲಿ ಮದ್ದು ಬಿಡುವ ದಿನ ಗಂಡಸರೆಲ್ಲ ಮೈಯೆಲ್ಲ ನೀಲಿ ಮಾಡಿಕೊಂಡು ಊಟಕ್ಕೆ ಬರುತ್ತಿದ್ದದ್ದು, ಅಮ್ಮ ಆ ಬಟ್ಟೆಗಳನ್ನು ಬೇರೆಯೇ ಇಟ್ಟು ಒಗೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಅಡಿಕೆಯ ಮೇಲಿನ ಇನ್ನೊಂದು ಆರೋಪವನ್ನು ಹೇಳದೆ ಹೋದರೆ ಬೆಳೆಗಾರರ ಮಗಳು ಮುಚ್ಚಿಟ್ಟಳು ಎಂದಾರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣ ಎಂದು ಹೇಳಿದೆ. ಊರಿನಲ್ಲಿ ಇದನ್ನು ಒಪ್ಪದವರೇ ಹೆಚ್ಚು. ನಾನು ಒಪ್ಪಿ ಎಲೆ ಅಡಿಕೆ ಬಿಟ್ಟೆ. ಈ ಮಾತಿಗೆ ತಮ್ಮ ನನ್ನೊಡನೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಆ ವರದಿ ಎಲೆಯನ್ನೂ ಅಡಿಕೆಯನ್ನೂ ಬೇರೆ ಬೇರೆ ಹೆಸರಿನಿಂದಲೇ ಕರೆದಿದೆ. ಪತ್ರಿಕೆಗಳಲ್ಲಿ ಮಾತ್ರ ಬೀಟಲ್ ನಟ್ ಎಂದು ಬಂದು ಪಾಪದ ಎಲೆಯೂ ಸಿಕ್ಕಿಬಿತ್ತು.

ತಮ್ಮನಿಗೆ ಅದಕ್ಕಿಂತ ದೊಡ್ಡ ಸಂಕಟ ತೋಟದಲ್ಲೇ ಇದೆ. ಹಳದಿ ಎಲೆ ರೋಗ. 1914ರ ಹೊತ್ತಿಗೆ ಕೇರಳದಲ್ಲಿ ಕಾಣಿಸಿಕೊಂಡ ಈ ರೋಗ ಸಂಪಾಜೆ, ಅರಂತೋಡು, ತೊಡಿಕಾನದ ಕಡೆ ತೋಟ ತೋಟಗಳನ್ನೇ ತಿಂದುಹಾಕಿದೆ. ಫೈಟೊಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಕಾರಣ, ಸಣ್ಣ ಜಿಗಿಹುಳ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಬೋರ್ಡೋ ಇದಕ್ಕೆ ನಾಟುವುದಿಲ್ಲ. ಮದ್ದೇ ಇಲ್ಲ. ಮೊದಲು ಗರಿಯ ತುದಿ ಹಳದಿಯಾಗುತ್ತದೆ. ಆಮೇಲೆ ಮಂಡೆ ಸಣ್ಣದಾಗುತ್ತಾ ಬರುತ್ತದೆ, ಕಾಯಿ ಉದುರುತ್ತದೆ. ಉಳಿದದ್ದನ್ನು ಸುಲಿದರೆ ಒಳಗೆ ಕಪ್ಪಗೆ ಮೆತ್ತಗೆ, ಕರಿಗೋಟಿನ ಬೆಲೆಗೂ ಹೋಗುವುದಿಲ್ಲ. ಕೊಳೆರೋಗಕ್ಕಾದರೆ ನಮ್ಮ ಹಿರಿಯರು ತಾವೇ ಹೆಸರಿಟ್ಟಿದ್ದರು, ಇಂಗ್ಲಿಷರು ಅದನ್ನು ನಮ್ಮಿಂದ ಕಲಿತರು. ಈ ರೋಗದ ಹೆಸರು ಇಂಗ್ಲಿಷಿನಿಂದ ನಮಗೆ ಬಂದದ್ದು, ಎಲ್ಲೋ ಕಚೇರಿಯ ಕಾಗದದಿಂದ ಇಳಿದು ಬಂದ ಹಾಗಿದೆ. ಅಜ್ಜನಿಗೆ ಈ ಶಬ್ದವೇ ಗೊತ್ತಿರಲಿಲ್ಲ.

ನಾವು ಮಕ್ಕಳಿರುವಾಗ ಚಳಿಗಾಲವೆಂದರೆ ಅಂಗಳದ ತುಂಬಾ ಅಡಿಕೆ. ನಲವತ್ತು ನಲವತ್ತೈದು ದಿನ ಬಿಸಿಲಿಗೆ ಒಣಗಿ ಚಾಲಿಯಾಗುವವರೆಗೆ ಅಂಗಳದಲ್ಲಿ ನಡೆಯಲು ಒಂದು ಕಾಲುದಾರಿ ಮಾತ್ರ. ಈಗ ಅದೇ ಅಂಗಳದಲ್ಲಿ ಮೊಮ್ಮಕ್ಕಳು ಧಾರಾಳವಾಗಿ ಸೈಕಲ್ ಬಿಡುತ್ತಾರೆ. ಗುಡ್ಡೆಯ ಬದಿಯಲ್ಲಿ ಸತ್ತ ಮರಗಳನ್ನು ಕಡಿಸಿ ತಮ್ಮ ರಬ್ಬರ್ ಹಾಕಿದ್ದಾನೆ. ರಬ್ಬರಿಗೆ ನಮ್ಮ ಭಾಷೆಯಲ್ಲಿ ಬೇರೆ ಹೆಸರು ಯಾರೂ ಇಡಲಿಲ್ಲ.

ಕಳೆದ ಬೇಸಗೆಯಲ್ಲಿ ಹೋದಾಗ ತಮ್ಮನ ಹತ್ತಿರ ಈ ಅರೆಕಾದ ಕಥೆ ಹೇಳಿದೆ. ಪೋರ್ಚುಗೀಸರು, ಕೂರ್ಗ್, ಕೆನರಾ, ಪಕೋರಾ ಎಲ್ಲ ಹೇಳಿದೆ. ಅವನು ಕೇಳಿ ನಕ್ಕ. ಆಮೇಲೆ "ಬಾ ಅಕ್ಕ, ಒಂದು ತೋರ್ಸುತ್ತೆ" ಎಂದು ತೋಟಕ್ಕೆ ಇಳಿದ. ತೋಡಿನ ಬದಿಯಲ್ಲಿ ಸುತ್ತಲೂ ಹಳದಿ ತಿರುಗಿದ, ತಲೆ ಸಣ್ಣದಾದ ಮರಗಳು. ನಡುವೆ ಒಂದು ಮರ ಮಾತ್ರ ಹಸಿರಾಗಿ, ಹಾಳೆ ಬಿಗಿದುಕೊಂಡು ನಿಂತಿತ್ತು, ಮೇಲೆ ಎರಡು ಗೊನೆ. ಕಾಂಡಕ್ಕೆ ಸುಣ್ಣದಲ್ಲಿ ಒಂದು ಗೀಟು ಎಳೆದಿದ್ದ. ಹೀಗೆ ರೋಗದ ನಡುವೆ ಹಸಿರಾಗಿ ಉಳಿದ ಮರಗಳನ್ನು ಹುಡುಕಿ, ಅವುಗಳಿಂದ ಸಸಿ ಎಬ್ಬಿಸುವ ಪ್ರಯತ್ನವನ್ನು ವಿಟ್ಲದ ಸಂಶೋಧನಾ ಕೇಂದ್ರದವರು ಮಾಡುತ್ತಿದ್ದಾರೆ. ನಮ್ಮ ಮರವನ್ನು ತಮ್ಮ ತಾನೇ ಗುರುತು ಮಾಡಿಟ್ಟಿದ್ದಾನೆ, ಅವರಿಗೆ ತೋರಿಸಬೇಕೆಂದು.

"ಇದರ ಅಡಕ್ಕೆ ಕೊಯ್ವಲಾಗ ಹೇಳಿದ್ದೆ ಎಲ್ಲೋರಿಂಗೂ. ಹಣ್ಣಾಗಿ ಬೀಳಲಿ" ಎಂದ.

ಬುಡದಲ್ಲಿ ಎರಡು ಹಣ್ಣಡಿಕೆ ಬಿದ್ದಿತ್ತು. ಹೆಕ್ಕಿ ಸೆರಗಿಗೆ ಕಟ್ಟಿಕೊಂಡೆ. ಬೆಂಗಳೂರಿಗೆ ಒಂದನ್ನು ಕಳಿಸಿದ್ದೇನೆ. ಮೊಳಕೆ ಬರಲು ಒಂದೂವರೆ ಎರಡು ತಿಂಗಳು ಬೇಕು, ಕಾಯಿ, ಅವಸರ ಮಾಡಬೇಡ ಎಂದು ಚೀಟಿ ಬರೆದಿದ್ದೇನೆ.